ಪೀಪಾಯಿಗೆ ಹತ್ತು ಕಲ್ಲು

ಕೊನೆಯ ಹಿಟ್ಟಿನ ಪೀಪಾಯಿಯನ್ನು ಸ್ನೆಲ್ ಮರಳಿನ ಮೇಲೆ ಬೋರಲು ಹಾಕಿ ತಳಕ್ಕೆ ಎರಡು ಸಲ ಗುದ್ದಿದ. ಉದುರಿದ್ದು ಒಂದು ಬೊಗಸೆ ಹಿಟ್ಟು. ಅದರಲ್ಲಿ ಅರ್ಧ ಹುಳ.

"ಬನ್ರಪ್ಪಾ ಬನ್ನಿ, ಇವತ್ತು ಮಾಂಸದೂಟ," ಎಂದು ಕೂಗಿದ.

ಸುತ್ತ ನಿಂತಿದ್ದ ಈಟಿಯವರು ನಕ್ಕರು. ಬೇಸಿಗೆ ಶುರುವಾದಾಗಿನಿಂದ ನಾಲ್ಕು ತಿಂಗಳು ವೈಟ್ ದ್ವೀಪದ ದಂಡೆಯಲ್ಲಿ ಕೂತು, ಕಡಲಾಚೆಯ ಡ್ಯೂಕ್ ದಂಡೆತ್ತಿ ಇವತ್ತು ಬಂದಾನು ನಾಳೆ ಬಂದಾನು ಎಂದು ದಕ್ಷಿಣ ದಿಕ್ಕನ್ನೇ ನೋಡಿಕೊಂಡಿದ್ದ ಜನ ಅವರು. ಡ್ಯೂಕ್ ಬರಲಿಲ್ಲ. ಬಂದದ್ದು ಭೇದಿ, ಹೇನು, ಮತ್ತೆ ಊರಿನಿಂದ ಸುದ್ದಿ: ಬಾರ್ಲಿ ಹಣ್ಣಾಗಿ ಬಾಗಿದೆ, ಕೊಯ್ಯುವುದಕ್ಕೆ ಕೈಗಳಿಲ್ಲ.

ಡುನ್ನ ಹಡಗಿನ ನೆರಳಿನಲ್ಲಿ ಕೂತು ಹುಟ್ಟಿನ ಹಿಡಿಯನ್ನು ಕೆತ್ತುತ್ತ ಇದನ್ನೆಲ್ಲ ನೋಡುತ್ತಿದ್ದ. ಐವತ್ತು ದಾಟಿದ ಮನುಷ್ಯ, ಹೇಡ್‌ವಿಕ್ಕಿನವನು. ಮಾತು ಕಡಿಮೆ. ನಮ್ಮ ಕಡೆಯ ಮುನ್ನೂರು ಪಾಲು ನೆಲ ಸೇರಿ ದೊರೆಗೆ ಕಟ್ಟಿಕೊಟ್ಟ ಹಡಗಿನ ಚುಕ್ಕಾಣಿ ಅವನ ಕೈಯಲ್ಲಿತ್ತು. ಅವನಿಗಿಂತ ಮೊದಲು ಅವನಪ್ಪನ ಕೈಯಲ್ಲಿತ್ತು. ಒಂದು ಮನೆಯವರು ಬದುಕುವಷ್ಟು ನೆಲ ಅಂದರೆ ಒಂದು ಪಾಲು. ಐದು ಪಾಲಿಗೆ ಒಬ್ಬ ಈಟಿಯವನು, ಎರಡು ತಿಂಗಳ ರೊಟ್ಟಿ ಕಟ್ಟಿಕೊಂಡು ಬರಬೇಕು ಅನ್ನುವುದು ಕಟ್ಟಳೆ. ಹಾಗೆ ಬಂದ ಅರವತ್ತು ಜನ ನೀರಿನ ಮೇಲಿದ್ದಾಗ ಹುಟ್ಟು ಹಾಕುವವರು, ನೆಲಕ್ಕಿಳಿದರೆ ಈಟಿ ಹಿಡಿಯುವವರು. ಸ್ನೆಲ್ ಅವರಲ್ಲೊಬ್ಬ, ಡುನ್ನನ ತಂಗಿ ಎಬ್ಬಾಳ ಗಂಡ. ಅವರ ಐದು ಪಾಲಿನಲ್ಲಿ ಈ ವರ್ಷದ ಸರದಿ ಅವನ ಮನೆಗೆ ಬಿದ್ದಿತ್ತು.

"ಭಾವ," ಎಂದು ಸ್ನೆಲ್ ಹಿಟ್ಟಿನ ಕೈಯನ್ನು ತೊಡೆಗೆ ಒರೆಸಿಕೊಳ್ಳುತ್ತ ಬಂದ. "ಎರಡು ತಿಂಗಳ ರೊಟ್ಟೀನ ನಾಲ್ಕು ತಿಂಗಳು ಎಳೆದಾಯ್ತು. ಇನ್ನು ಎಳೆಯೋಕೆ ನನ್ನ ಸೊಂಟದ ಪಟ್ಟಿ ಮಾತ್ರ ಉಳಿದಿರೋದು. ಅದರಲ್ಲೂ ತೂತು ಮುಗೀತು."

ಅವನು ಬರುವಾಗ ಒಳ್ಳೆ ಹೊಟ್ಟೆಯ ಮನುಷ್ಯ. ಹುಟ್ಟು ಹಾಕಲು ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತದೆ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಈಗ ಅಂಗಿ ಜೋಲುತ್ತಿತ್ತು.

"ನಾಳೆ ದಂಡನಾಯಕ ಬರ್ತಾನಂತೆ," ಎಂದ ಡುನ್ನ.

"ಬಂದು?"

"ಏನೋ ಹೇಳ್ತಾನೆ."

"ಅವನು ಹೇಳೋದನ್ನ ನಾಲ್ಕು ತಿಂಗಳಿಂದ ಕೇಳಿದೀವಿ. ಈ ಸಲ ನೀನು ಹೇಳು ಭಾವ."

ಮರುದಿನ ದಂಡನಾಯಕ ಚುಕ್ಕಾಣಿಯವರನ್ನೆಲ್ಲ ಮರಳಿನ ಮೇಲೆ ನಿಲ್ಲಿಸಿಕೊಂಡ. ಹಿಂದೆ ಈಟಿಯವರು ಗುಂಪು ಕಟ್ಟಿ ನಿಂತರು. ಇನ್ನೆರಡು ವಾರ ತಾಳಿ, ದೊರೆ ರೊಟ್ಟಿ ಕಳಿಸುತ್ತಾನೆ ಎಂದು ಅವನು ಶುರು ಮಾಡಿದ. ಈ ಮಾತನ್ನು ಅವನು ಜುಲೈಯಲ್ಲೂ ಆಡಿದ್ದ. ಆಗ ಡುನ್ನ ಒಂದು ಹೆಜ್ಜೆ ಮುಂದೆ ಬಂದ. ಯಾಕೆ ಬಂದೆ ಎಂದು ಅವನಿಗೇ ಆಮೇಲೆ ಆಶ್ಚರ್ಯವಾಯಿತು.

"ಧಣಿ, ನಮ್ಮ ಜನ ಓಡಿಹೋಗ್ತಾ ಇಲ್ಲ. ರೊಟ್ಟಿ ಓಡಿಹೋಗಿದೆ. ಎರಡು ತಿಂಗಳಿಗೆ ಅಂತ ಕರೆದ್ರಿ, ನಾಲ್ಕು ತಿಂಗಳು ಕೂತ್ವಿ. ಹೊಟ್ಟೆ ಖಾಲಿ ಇರೋನು ಈಟಿ ಊರಿಕೊಂಡು ನಿಂತ್ಕೋಬಹುದೇ ಹೊರತು ಎತ್ತಕ್ಕಾಗಲ್ಲ. ಮನೆಗೆ ಕಳಿಸಿ. ಬಾರ್ಲಿ ಕೊಯ್ದು, ತಿಂದು, ಕರೆದ್ರೆ ಮತ್ತೆ ಬರ್ತೀವಿ."

ಅಷ್ಟೇ. ಅಷ್ಟಕ್ಕೆ ಹಿಂದಿನಿಂದ ಎದ್ದ ಕೂಗಿಗೆ ಕಡಲ ಹಕ್ಕಿಗಳು ಹಾರಿಹೋದವು. ಗುರಾಣಿಗೆ ಈಟಿ ಬಡಿದರು. ಸಂಜೆಯೊಳಗೆ ಅಪ್ಪಣೆ ಬಂತು: ಮೇರಿ ಮಾತೆಯ ಹುಟ್ಟುಹಬ್ಬದ ದಿನ ಹಡಗುಗಳು ಹೊರಡಬಹುದು. ನಮ್ಮವರು ಡುನ್ನನನ್ನು ಹೆಗಲ ಮೇಲೆ ಹೊತ್ತು ದಂಡೆಯ ಈ ತುದಿಯಿಂದ ಆ ತುದಿಗೆ ಮೆರೆಸಿದರು. ಅವನು "ಇಳಿಸ್ರೋ, ಬೀಳಿಸ್ತೀರಿ" ಎಂದು ಬೈಯುತ್ತಿದ್ದರೂ ಮುಖ ಅರಳಿತ್ತು. ಅಪ್ಪ ಹೊಡೆದು ಕೆಲಸ ಕಲಿಸಿದವನು, ಹೆಂಡತಿ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡವಳು. ಐವತ್ತು ವರ್ಷದಲ್ಲಿ ಯಾರೂ ಅವನನ್ನು ಹೊಗಳಿರಲಿಲ್ಲ. ಹೊಗಳಿಕೆ ಅಭ್ಯಾಸವಿಲ್ಲದವನಿಗೆ ಬೇಗ ತಲೆಗೇರುತ್ತದೆ. ಬಿಟ್ಟುಕೊಡುವುದಕ್ಕೂ ಮನಸ್ಸು ಬರುವುದಿಲ್ಲ.

ಹೊರಡುವ ದಿನ ಬೆಳಗ್ಗೆ ಹಡಗನ್ನು ನೀರಿಗೆ ತಳ್ಳಿದಾಗ ಅದು ಬೆಂಡಿನ ಹಾಗೆ ತೇಲಿತು. ಬರುವಾಗ ನಲವತ್ತು ಪೀಪಾಯಿ ಹಿಟ್ಟು, ಹೆಂಡ, ಉಪ್ಪುಮೀನು ತಳದಲ್ಲಿತ್ತು. ಎಲ್ಲ ತಿಂದು ಮುಗಿದಿತ್ತು. ತಳ ಹಗುರಾದ ಹಡಗು ಗಾಳಿಗೆ ಮಗುಚುತ್ತದೆ. ಅದಕ್ಕೇ ಖಾಲಿಯಾದ ಪ್ರತಿ ಪೀಪಾಯಿಗೆ ಹತ್ತು ಕಲ್ಲು, ಒಬ್ಬ ಗಂಡಸು ಹೊಟ್ಟೆಗೆ ಆನಿಸಿ ಎತ್ತುವಷ್ಟು ದೊಡ್ಡ ಕಲ್ಲು, ತಳದಲ್ಲಿ ಸಾಲಾಗಿ ಜೋಡಿಸಬೇಕು. ಡುನ್ನನ ಅಪ್ಪ ಕಲಿಸಿದ ಲೆಕ್ಕ ಅದು. ಕಡಲಿಗಿಳಿಯುವವರೆಲ್ಲರ ಲೆಕ್ಕವೂ ಅದೇ. ನಾನೂರು ಕಲ್ಲು ಅಂದರೆ ಅರವತ್ತು ಜನಕ್ಕೆ ಅರ್ಧ ದಿನದ ಕೆಲಸ, ಒಂದು ಉಬ್ಬರ ತಪ್ಪಿಹೋಗುತ್ತದೆ.

ಪಕ್ಕದಲ್ಲಿ ಮಾಲ್ಡನ್ನಿನವರ ಹಡಗು. ಅದರ ಚುಕ್ಕಾಣಿಯ ಮುದುಕ ವಿಗಾ ತನ್ನ ಜನರಿಗೆ ಆಗಲೇ ಕಲ್ಲು ಹೊರಿಸಲು ಶುರುಮಾಡಿದ್ದ. ಅವರು ಸೊಂಟದ ತನಕ ನೀರಿನಲ್ಲಿ ನಿಂತು, ಬೈದುಕೊಳ್ಳುತ್ತ, ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ನಮ್ಮವರಿಗೆ ಅದೊಂದು ತಮಾಷೆಯಾಯಿತು.

"ಏನ್ರೋ, ಊರಲ್ಲಿ ಚರ್ಚು ಕಟ್ಟೋಕೆ ಕಲ್ಲಾ?"

"ನಿಮ್ಮ ಹೆಂಡ್ತಿಯರಿಗೆ ಉಡುಗೊರೇನಾ?"

ಡುನ್ನ ತನ್ನ ಜನರ ಕಡೆ ತಿರುಗಿದ. ಎಲ್ಲರೂ ಗಂಟುಮೂಟೆ ಕಟ್ಟಿ, ಈಟಿಗಳನ್ನು ತೊಗಲಿನಲ್ಲಿ ಸುತ್ತಿ, ಹೊರಡಲು ನಿಂತಿದ್ದರು. ಹೋದ ಚಳಿಗಾಲ ಮದುವೆಯಾಗಿದ್ದ ಕ್ಯೂಟ ಅನ್ನುವವನು ಮೊದಲೇ ಬಾಯಿಬಿಟ್ಟ.

"ಡುನ್ನಣ್ಣ, ಮನೆಗೆ ಕಳಿಸ್ರಿ ಅಂತ ಕೇಳ್ದೋನೇ ನೀನು. ಈಗ ನೀನೇ ಕಲ್ಲು ಹೊರಿಸ್ತೀಯಾ? ಇದ್ಯಾವ ನ್ಯಾಯ?"

ಮೊನ್ನೆ ಹೆಗಲ ಮೇಲೆ ಹೊತ್ತಿದ್ದ ಅದೇ ಮುಖಗಳು ಅವನನ್ನು ನೋಡುತ್ತಿದ್ದವು, ಅಷ್ಟೇ. ಡುನ್ನ ಆಕಾಶ ನೋಡಿದ. ತೊಳೆದಿಟ್ಟ ಹಾಗಿತ್ತು. ಪಡುವಣ ಗಾಳಿ ಹದವಾಗಿ ಬೀಸುತ್ತಿತ್ತು. ಮೂರು ದಿನದ ದಾರಿ, ದಂಡೆ ಕಣ್ಣಳತೆಯಲ್ಲೇ ಇರುತ್ತದೆ ಎಂದುಕೊಂಡ. ಹಾಗೆಂದುಕೊಳ್ಳುವಾಗಲೇ ಅಪ್ಪ ಇದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದ ಎಂಬುದೂ ಅವನಿಗೆ ಗೊತ್ತಿತ್ತು.

ಸ್ನೆಲ್ ಒಬ್ಬನೇ ನೀರಿನಿಂದ ಒಂದು ಕಲ್ಲನ್ನು ಹೊಟ್ಟೆಗೆ ಆನಿಸಿಕೊಂಡು ಎತ್ತಿ ತಂದು ಹಡಗಿನ ಅಂಚಿಗೆ ಒರಗಿ ನಿಂತಿದ್ದ.

"ಭಾವ, ಕಲ್ಲು?" ಎಂದ. ಎಲ್ಲರೆದುರು ಹೆಚ್ಚು ಹೇಳಲಿಲ್ಲ.

"ನಿನ್ನ ಹೊಟ್ಟೆ ಇದೆಯಲ್ಲೋ ಸ್ನೆಲ್, ಅದು ಸಾಕು," ಎಂದ ಡುನ್ನ.

ಜನ ಬಿದ್ದು ಬಿದ್ದು ನಕ್ಕರು. ಮಾತು ಕಡಿಮೆಯ ಡುನ್ನ ತಮಾಷೆಯನ್ನೂ ಮಾಡಬಲ್ಲ ಎಂದು ಅವತ್ತು ಗೊತ್ತಾಯಿತು.

"ಹೊಟ್ಟೆ ಕರಗಿಹೋಯ್ತು ಭಾವ, ನನ್ನ ನೆಚ್ಕೋಬೇಡ," ಎಂದು ಸ್ನೆಲ್ ಕೂಡ ನಕ್ಕ. ಆದರೆ ಕಲ್ಲನ್ನು ಬಿಡಲಿಲ್ಲ. ತನ್ನ ಹಲಗೆಯ ಕೆಳಗೆ ಇಟ್ಟ. ಮತ್ತೆ ಇಳಿದು ಇನ್ನೊಂದು ತಂದ. ಉಳಿದವರು ಹತ್ತಿ ಹುಟ್ಟು ಕೂಡಿಸುವಷ್ಟರಲ್ಲಿ ಎಂಟು ಕಲ್ಲು ತಂದಿಟ್ಟಿದ್ದ.

"ಸಾಕು ಹತ್ತೋ! ಉಬ್ಬರ ನಿನಗೋಸ್ಕರ ಕಾಯಲ್ಲ," ಎಂದು ಡುನ್ನ ಗದರಿದ. ಗದರಿದ್ದು ಜೋರಾಗಿಯೇ ಇತ್ತು.

ಎರಡು ದಿನ ಹಡಗು ಹಾರಿತು. ಭಾರವಿಲ್ಲದ್ದು, ಹಾಯಿ ಪೂರ್ತಿ ಬಿಚ್ಚಿದ್ದು. ಮುಂದೆ ಹೊರಟಿದ್ದ ನಾಲ್ಕು ಹಡಗುಗಳನ್ನು ಹಿಂದೆ ಹಾಕಿದರು. ಪ್ರತಿಯೊಂದನ್ನು ದಾಟಿದಾಗಲೂ ಕೇಕೆ. ಯಾರೋ ಕೊಯ್ಲಿನ ಹಾಡು ಎತ್ತಿಕೊಂಡರು. ಕ್ಯೂಟ ತನ್ನ ಹೆಂಡತಿಯ ಬಗ್ಗೆ ಆಡಿದ ಮಾತುಗಳಿಗೆ ಪಾದ್ರಿಯೊಬ್ಬ ಅಲ್ಲಿದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಡುನ್ನ ಚುಕ್ಕಾಣಿಯ ಹಿಡಿಯಲ್ಲಿ ಹಡಗಿನ ಅಲುಗಾಟವನ್ನು ಕೈಯಾರೆ ಅನುಭವಿಸುತ್ತಿದ್ದ. ಒಂದೊಂದು ಅಲೆಗೂ ಅದು ಬೇಕಾದ್ದಕ್ಕಿಂತ ಹೆಚ್ಚು ವಾಲಿ, ತಡವಾಗಿ ನೇರವಾಗುತ್ತಿತ್ತು. ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿ ಕಲ್ಲು ತುಂಬಿಸಬಹುದಿತ್ತು. ಎರಡು ಸಂಜೆಯೂ ದಂಡೆಗೆ ಹತ್ತಿದ್ದರು, ಎರಡು ಕಡೆಯೂ ಕಲ್ಲೇ ಕಲ್ಲು. ನಾಳೆ ಎಂದುಕೊಂಡ. ಆ ಎರಡು ಸಂಜೆಗಳನ್ನು ಅವನು ಆಮೇಲೆ ಎಷ್ಟು ಸಲ ನೆನೆದನೋ.

ಮೂರನೆಯ ದಿನ ಮಧ್ಯಾಹ್ನ, ಡೋವರಿನ ಬಿಳಿ ಬಂಡೆಗಳ ಕೆಳಗೆ ಹೋಗುವಾಗ, ಬಂಡೆಗಳ ನಡುವಿನ ಕಣಿವೆಯಿಂದ ಗಾಳಿ ಒಂದೇ ಏಟಿಗೆ ನುಗ್ಗಿತು. ಮುನ್ಸೂಚನೆಯಿರಲಿಲ್ಲ. ನೀರು ಕಪ್ಪಾದದ್ದು ಕಂಡಿತು, ಅಷ್ಟರಲ್ಲಿ ಗಾಳಿ ಹಾಯಿಯೊಳಗಿತ್ತು.

"ಹಾಯಿ ಹಗ್ಗ ಬಿಡ್ರೋ! ಎಲ್ಲ ಈ ಕಡೆ ಬನ್ನಿ, ಈ ಕಡೆ!"

ಹಡಗು ವಾಲಿತು. ಜನ ಮೇಲಕ್ಕೆದ್ದ ಅಂಚಿಗೆ ಹತ್ತಿ, ಬೆನ್ನು ಹೊರಗೆ ಚಾಚಿ, ಇದ್ದಬದ್ದ ತೂಕವನ್ನೆಲ್ಲ ಹಾಕಿ ಹಿಂದಕ್ಕೆ ಜಗ್ಗಿದರು. ಸ್ನೆಲ್ ಎಲ್ಲರಿಗಿಂತ ಹೊರಗೆ ಚಾಚಿ, ಚುಕ್ಕಾಣಿಗೆ ಹತ್ತಿರದಲ್ಲೇ ಇದ್ದ. ಕೆಳಗಿನ ಅಂಚು ನೀರಿಗಿಳಿಯಿತು. ಎಂಟು ಕಲ್ಲು ಹಲಗೆಯ ಕೆಳಗಿಂದ ಉರುಳಿ ತಗ್ಗಿನ ಕಡೆಗೆ ಹೋದವು. ಸ್ನೆಲ್ ಅದನ್ನು ನೋಡಿದ, ತಲೆಯೆತ್ತಿ ಡುನ್ನನ ಮುಖ ನೋಡಿದ.

"ಭಾವ, ಈಗ ಇರಬೇಕಿತ್ತು ನೋಡು ಆ ಹೊಟ್ಟೆ!" ಎಂದು ಗಾಳಿಯಲ್ಲಿ ಕೂಗಿದ.

ಹಾಯಿ ನೀರಿಗೆ ಬಡಿಯಿತು. ಆಮೇಲೆ ಎಲ್ಲವೂ ನೀರು.

ಡುನ್ನನಿಗೆ ಒಂದು ಹುಟ್ಟು ಸಿಕ್ಕಿತು. ಅದನ್ನು ತಬ್ಬಿಕೊಂಡು ತೇಲುತ್ತ ಸ್ನೆಲ್, ಸ್ನೆಲ್ ಎಂದು ಕೂಗಿದ. ಸುತ್ತ ಕೆಲವು ತಲೆಗಳಿದ್ದವು, ಆಮೇಲೆ ಅವುಗಳಲ್ಲೂ ಕೆಲವು ಕಾಣದಾದವು. ಸಂಜೆಯ ಹೊತ್ತಿಗೆ ಅವರನ್ನು ನೀರಿನಿಂದ ಎತ್ತಿದ್ದು ಮಾಲ್ಡನ್ನಿನವರ ಹಡಗು. ಒಂದು ಉಬ್ಬರ ತಡವಾಗಿ ಹೊರಟಿದ್ದರು, ಅದೇ ಗಾಳಿಗೆ ಸಿಕ್ಕಿದ್ದರು, ಸ್ವಲ್ಪ ವಾಲಿ ನೆಟ್ಟಗಾಗಿದ್ದರು. ಅರವತ್ತರಲ್ಲಿ ಇಪ್ಪತ್ತೆರಡು ಜನ ಸಿಕ್ಕರು. ಕ್ಯೂಟ ಸಿಗಲಿಲ್ಲ. ಸ್ನೆಲ್ ಸಿಗಲಿಲ್ಲ.

ನಮ್ಮ ಹಡಗು ಬೋರಲಾಗಿ ಅಲ್ಲೇ ತೇಲುತ್ತಿತ್ತು. ಮುಳುಗಲೂ ಇಲ್ಲ, ಅಷ್ಟು ಹಗುರವಾಗಿತ್ತು. ಮುದುಕ ವಿಗಾ ಅದನ್ನು ತುಂಬ ಹೊತ್ತು ನೋಡಿದ. ಡುನ್ನನ ಕಡೆ ನೋಡದೆ, ತನ್ನ ಹೊದಿಕೆ ತೆಗೆದು ಅವನ ಹೆಗಲಿಗೆ ಹಾಕಿ, ಚುಕ್ಕಾಣಿಗೆ ಮರಳಿದ. ಬೈದಿದ್ದರೆ ಚೆನ್ನಾಗಿತ್ತು.

ಹೇಡ್‌ವಿಕ್ಕಿಗೆ ಡುನ್ನ ನಡೆದೇ ಬಂದ. ಎಬ್ಬಾಳ ಮನೆಯ ಬಾಗಿಲು ತೆರೆದಿತ್ತು. ಅದನ್ನು ತೆರೆದು ಹಿಡಿಯುವುದು ಅಪ್ಪನ ಕಲ್ಲು. ಅಪ್ಪ ಕೊನೆಯ ಸಲ ಹಡಗು ಬಿಟ್ಟು ಇಳಿದಾಗ ತಳದಿಂದ ಒಂದು ಕಲ್ಲನ್ನು ಮನೆಗೆ ತಂದಿದ್ದ. ನಮ್ಮ ಕಡೆಯ ಉಬ್ಬಿದ ದುಂಡು ರೊಟ್ಟಿಯಷ್ಟು ದಪ್ಪ, ಕಪ್ಪು, ನಡುವೆ ಒಂದು ಬಿಳಿ ಪಟ್ಟೆ. ಸಾಲುಗಳ ಸಂದಿಗೆ ತುರುಕುವ ಮರಿಗಲ್ಲು. ಅಪ್ಪ ಸತ್ತ ಮೇಲೆ ಅದು ಎಬ್ಬಾಳ ಪಾಲಿಗೆ ಬಂದು ಬಾಗಿಲಿಗೆ ಆನಿಕೊಂಡಿತು. ಕಡಲ ಕಡೆಯ ಗಾಳಿ ಜೋರು. ಕಲ್ಲಿಲ್ಲದಿದ್ದರೆ ಆ ಬಾಗಿಲು ದಿನವಿಡೀ ಬಡಿದುಕೊಳ್ಳುತ್ತಿತ್ತು.

ಎಬ್ಬಾ ಒಳಗೆ ತೂಗುಹಾಕಲು ಈರುಳ್ಳಿಯನ್ನು ಎಲೆಸಮೇತ ಜಡೆ ಹೆಣೆಯುತ್ತಿದ್ದಳು. ಅಣ್ಣನ ಮುಖ ನೋಡಿದಳು, ಅವನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು. ಹೆಣಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎಲ್ಲಿ?" ಎಂದಳು.

"ಡೋವರ್ ಹತ್ರ. ಗಾಳಿ ಬಂತು. ಒಂದೇ ಏಟು ಎಬ್ಬಾ. ಯಾರ ಕೈಲೂ ಏನೂ ಇರ್ಲಿಲ್ಲ."

ಅವಳು ಅಳಲಿಲ್ಲ. ಚುಕ್ಕಾಣಿಯವನ ಮಗಳು ಅವಳು, ಅಪ್ಪನ ತೊಡೆಯ ಮೇಲೆ ಕೂತು ಹಡಗಿನ ಮಾತು ಕೇಳಿ ಬೆಳೆದವಳು. ಒಂದೇ ಪ್ರಶ್ನೆ ಕೇಳಿದಳು.

"ಕಲ್ಲು ತುಂಬಿದ್ರಾ ಅಣ್ಣ?"

"ತುಂಬದೆ? ಪೀಪಾಯಿಗೆ ಹತ್ತು," ಎಂದ ಡುನ್ನ.

ಅವಳು ತಲೆಯಾಡಿಸಿದಳು. ಎರಡು ಹೆಣ್ಣುಮಕ್ಕಳು ಹಿತ್ತಿಲಿನಿಂದ ಮಾವ ಬಂದ ಮಾವ ಬಂದ ಎಂದು ಕಿರುಚುತ್ತ ಓಡಿಬಂದವು. ಆಗ ಅವಳು ಅತ್ತಳು.

ಮೂರು ವಾರ ಡುನ್ನ ತಂಗಿಯ ಹೊಲದಲ್ಲಿ ದುಡಿದ. ಬಾರ್ಲಿ ಕೊಯ್ದ, ಕಟ್ಟಿದ, ಬಡಿದ. ತನ್ನ ತುಂಡು ಹೊಲ ಹಕ್ಕಿಪಾಲಾದರೂ ತಿರುಗಿ ನೋಡಲಿಲ್ಲ. ಎಬ್ಬಾ ಹೊತ್ತುಹೊತ್ತಿಗೆ ಊಟ ತಂದಿಡುತ್ತಿದ್ದಳು, ಬೇಕಾದಷ್ಟೇ ಮಾತು. ಉಳಿದು ಬಂದವರೂ ಕಲ್ಲಿನ ಮಾತೆತ್ತಿರಲಿಲ್ಲ, ಬೇಡವೆಂದವರು ಅವರೇ ತಾನೇ. ಎಂಥ ಅಣ್ಣ ನೋಡು ಎಂದು ಊರು ಮತ್ತೆ ಅವನನ್ನು ಹೊಗಳಿತು. ಈ ಸಲ ಹೊಗಳುವವರು ಬೇಲಿಗೆ ಬಂದರೆ ಅವನು ಹೊಲದ ಆಚೆ ತುದಿಗೆ ಹೋಗುತ್ತಿದ್ದ. ಪ್ರತಿದಿನವೂ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದ. ಸಂಜೆ ಕುಡುಗೋಲು ತೊಳೆದಿಟ್ಟು, ನಾಳೆ ಅನ್ನುತ್ತಿದ್ದ.

ಸೆಪ್ಟೆಂಬರ್ ಕೊನೆಯ ಮಿಕಾಯೇಲನ ಹಬ್ಬ ಕಳೆದು ಒಂದು ವಾರಕ್ಕೆ ಕುದುರೆಯವನೊಬ್ಬ ಬಂದು ಚರ್ಚಿನ ಮುಂದೆ ಕಹಳೆ ಊದಿದ. ಡ್ಯೂಕ್ ಬಂದಿದ್ದ. ದಕ್ಷಿಣದ ದಂಡೆಯಲ್ಲಿ ಒಂದು ಹಡಗೂ ಇಲ್ಲ, ಒಂದು ಈಟಿಯೂ ಇಲ್ಲ. ತಡೆಯುವವರಿಲ್ಲದೆ ಕುದುರೆಗಳನ್ನು ಇಳಿಸಿಕೊಂಡು, ಊಟ ಮಾಡಿ, ಊರು ಸುಡಲು ಹೊರಟಿದ್ದನಂತೆ. ಐದು ಪಾಲಿಗೆ ಒಬ್ಬ ನಾಳೆ ಬೆಳಗ್ಗೆ ಹೊರಡಬೇಕು. ಕೇಳಿಸಿಕೊಂಡವರಲ್ಲಿ ಕೆಲವರು ಡುನ್ನನ ಕಡೆ ತಿರುಗಿ ನೋಡಿ, ಬೇರೆ ಕಡೆ ನೋಡಿದರು. ಮನೆಗೆ ಕಳಿಸಿ ಎಂದು ಮುಂದೆ ನಿಂತು ಕೇಳಿದವನು ಯಾರು ಎಂಬುದು ಮರೆಯುವಷ್ಟು ಹಳೆಯ ಮಾತೇನಲ್ಲ.

ಎಬ್ಬಾಳ ಐದು ಪಾಲಿನವರು ಚರ್ಚಿನ ಅಂಗಳದಲ್ಲಿ ಸೇರಿದರು. ಮನುಷ್ಯನನ್ನು ಕೊಡುವ ಮನೆ ರೊಟ್ಟಿಯ ಚೀಲವನ್ನೂ ಕಟ್ಟಿಕೊಡಬೇಕು. ಈಟಿ, ಗುರಾಣಿ, ತೊಗಲಿನ ಟೋಪಿ, ಜೋಡು ಉಳಿದ ನಾಲ್ಕು ಮನೆಗಳವು. ಸರದಿ ಈಸ್ಟರಿನಿಂದ ಈಸ್ಟರಿಗೆ.

ಹಿರಿಯ ಹುಡ್ಡ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಬಾಯಿಬಿಟ್ಟು ಹೇಳೋಕೆ ಕಷ್ಟ ಕಣಮ್ಮಾ ಎಬ್ಬಾ. ವರ್ಷ ಇನ್ನೂ ಮುಗಿದಿಲ್ಲ. ಸರದಿ ನಿನ್ನ ಮನೇದೇ. ಮನುಷ್ಯನ್ನ ಕೊಡದ ಮನೆ ಪಾಲು ಬಿಡಬೇಕಾಗತ್ತೆ. ನಾನು ಮಾಡಿದ ಕಟ್ಟಳೆ ಅಲ್ಲ ಇದು."

"ಒಂದು ಸಲ ಕೊಟ್ಟಿದ್ದೀನಲ್ಲ," ಎಂದಳು ಎಬ್ಬಾ. ದನಿ ಏರಲಿಲ್ಲ. "ವಾಪಸ್ ಬರ್ಲಿಲ್ಲ, ಅದಕ್ಕೆ ನಾನೇನು ಮಾಡ್ಲಿ?"

ಪಾಲು ಹೋದರೆ ಅವಳೂ ಆ ಎರಡು ಮಕ್ಕಳೂ ಕೂಲಿಗೆ ನಿಲ್ಲಬೇಕು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಂತ ತನ್ನ ಮಗನನ್ನು ಮುಂದೆ ತಳ್ಳುವಷ್ಟು ದೊಡ್ಡ ಮನಸ್ಸು ಯಾರದೂ ಇರಲಿಲ್ಲ.

"ಆ ಮನೆ ಪಾಲಿಗೆ ನಾನು ಹೋಗ್ತೀನಿ," ಎಂದ ಡುನ್ನ.

"ಚುಕ್ಕಾಣಿಯವನಿಗೆ ಸರದಿ ಇಲ್ಲ ಡುನ್ನ," ಎಂದ ಹುಡ್ಡ.

"ಹಡಗೇ ಇಲ್ಲ. ಚುಕ್ಕಾಣಿ ಎಲ್ಲಿಂದ ಬರತ್ತೆ?"

ಬೆಳಗ್ಗೆ ಅವನು ರೊಟ್ಟಿಯ ಚೀಲಕ್ಕಾಗಿ ತಂಗಿಯ ಮನೆಗೆ ಬಂದ. ಹುಡ್ಡನ ಮನೆಯ ಟೋಪಿ ದೊಡ್ಡದಾಗಿ ಕಿವಿಯ ಮೇಲೆ ಕೂತಿತ್ತು. ಎಬ್ಬಾ ಒಲೆಯಿಂದ ಕೊನೆಯ ರೊಟ್ಟಿಗಳನ್ನು ತೆಗೆಯುತ್ತಿದ್ದಳು. ಮಕ್ಕಳಿನ್ನೂ ಎದ್ದಿರಲಿಲ್ಲ. ಡುನ್ನ ಬಾಗಿಲಿನ ಒಳಗೆ ನಿಂತು, ಈಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಎಬ್ಬಾ, ಕಲ್ಲು ತುಂಬಿರ್ಲಿಲ್ಲ."

ಅವಳು ತಿರುಗಲಿಲ್ಲ.

"ಜನ ಬೇಡ ಅಂದ್ರು. ಜನ ಅಂದಿದ್ದು ನೆಪ. ನನಗೇ ಹೇಳೋಕೆ ಬಾಯಿ ಬರ್ಲಿಲ್ಲ. ಅವರೆಲ್ಲ ನನ್ನ ಹೊತ್ತು ಮೆರೆಸಿದ್ರು, ಅದಕ್ಕೆ. ಸ್ನೆಲ್ ಒಬ್ನೇ ಎಂಟು ಕಲ್ಲು ತಂದಿಟ್ಟ. ನಾನು ಅವನನ್ನ ಗೇಲಿ ಮಾಡ್ದೆ. ನಿನ್ನ ಹೊಟ್ಟೇನೇ ಸಾಕು ಅಂದೆ."

"ಗೊತ್ತು," ಎಂದಳು ಎಬ್ಬಾ.

"ಯಾರು ಹೇಳಿದ್ರು?"

"ನೀನೇ. ಅಪ್ಪ ಆ ಕಲ್ಲು ತಂದ ದಿನದಿಂದ, ಬಂದಾಗೆಲ್ಲ ಅದರ ಮೇಲೆ ಕಾಲಿಟ್ಟೇ ಜೋಡಿನ ದಾರ ಬಿಚ್ಚೋನು ನೀನು. ಅವತ್ತು ಅದನ್ನ ಮುಟ್ಟದೆ ಸುತ್ತುಹಾಕ್ಕೊಂಡು ಒಳಗೆ ಬಂದೆ. ಆಮೇಲೂ ಅಷ್ಟೇ. ಮೂರು ವಾರದಿಂದ ನೋಡ್ತಾ ಇದೀನಿ."

ಡುನ್ನ ಕೆಳಗೆ ನೋಡಿದ. ಈಗಲೂ ಅವನು ಕಲ್ಲಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದ.

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ದೆ ಅಣ್ಣ. ನೀನು ಉತ್ತರಾನೂ ಕೊಟ್ಟೆ."

ಒಲೆಯಲ್ಲಿ ಕೊಳ್ಳಿ ಜರುಗಿತು. ಅವಳು ರೊಟ್ಟಿಯನ್ನು ಕೈಯಿಂದ ಕೈಗೆ ಹೊರಳಿಸುತ್ತ, ಇನ್ನೂ ಬೆನ್ನು ಮಾಡಿಕೊಂಡೇ ಕೇಳಿದಳು. "ಅವ್ರು ಏನಾದ್ರೂ ಅಂದ್ರಾ? ಕೊನೇಲಿ?"

"ಅಂದ. ಹಡಗು ಮಗುಚ್ತಾ ಇದೆ, ಅಂಚಿಗೆ ನೇತಾಡ್ತಾ ನನ್ನ ಮುಖ ನೋಡಿ ಅಂದ: ಭಾವ, ಈಗ ಇರಬೇಕಿತ್ತು ನೋಡು ಆ ಹೊಟ್ಟೆ."

ಎಬ್ಬಾಳ ಗಂಟಲಿನಿಂದ ನಗುವೊಂದು ಹೊರಬಿತ್ತು. ಅವಳು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಭುಜ ತುಂಬ ಹೊತ್ತು ಅಲುಗಿತು. ಎಲ್ಲಿಯ ತನಕ ನಗು, ಎಲ್ಲಿಂದ ಅಳು ಎಂದು ಡುನ್ನನಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಬೇಕು ಅನ್ನಿಸಿತು. ಹೋಗುವ ಹಕ್ಕು ಇಲ್ಲ ಅಂತಲೂ ಅನ್ನಿಸಿತು. ಅಲ್ಲೇ ನಿಂತ.

"ಹೊರಗಿರು," ಎಂದಳು ಅವಳು ಕೊನೆಗೆ, ಮುಖ ಒರೆಸಿಕೊಂಡು. "ರೊಟ್ಟಿ ಬಿಸಿ ಇದೆ. ಹಬೆ ಹೋಗದೆ ಕಟ್ಟಿದ್ರೆ ಬೂಷ್ಟು ಬರತ್ತೆ. ಕಟ್ಟಿ ಕೊಡ್ತೀನಿ."

ಅವನು ಹೊರಗೆ ಬಂದು ಬೇಲಿಯ ಹತ್ತಿರ, ಕಡಲ ಕಡೆ ಮುಖ ಮಾಡಿ ನಿಂತ. ತಗ್ಗಿನ ಕೆಸರುನೆಲದಲ್ಲಿ ಇಳಿತದ ನೀರು ಹಿಂದೆ ಸರಿಯುತ್ತಿತ್ತು. ರಸ್ತೆಯಲ್ಲಿ ಬೇರೆ ಪಾಲಿನ ಈಟಿಯವರು ಆಗಲೇ ನಡೆಯತೊಡಗಿದ್ದರು. ಹಿಂದಿನಿಂದ ಎಬ್ಬಾ ಬಂದು ಚೀಲವನ್ನು ಅವನ ಹೆಗಲಿಗೆ ಏರಿಸಿದಳು. ಒಂದೇ ರಾತ್ರಿಯಲ್ಲಿ ಬೇಯಿಸಲಾದಷ್ಟು, ಹದಿನೈದು ದಿನದ ರೊಟ್ಟಿ, ಭಾರವಾಗಿತ್ತು. ಹೆಗಲ ಪಟ್ಟಿಯನ್ನು ಒಮ್ಮೆ ಎಳೆದು ಸರಿಮಾಡಿದಳು. ಹೋಗಿ ಬಾ ಅನ್ನಲಿಲ್ಲ. ಅವನ ಮುಖವನ್ನೂ ನೋಡದೆ ಒಳಗೆ ಹೋದಳು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಬಾಗಿಲು ದಢಾರನೆ ಬಡಿಯಿತು. ಅವಳೇ ಬಡಿದಿರಬೇಕು, ಬಡಿಯಲಿ, ತನಗದು ಸಲ್ಲಬೇಕಾದ್ದೇ ಎಂದು ಡುನ್ನ ಅಂದುಕೊಂಡ. ತಿರುವು ದಾಟುವ ತನಕ ಅದು ಇನ್ನೂ ಎರಡು ಸಲ ಬಡಿದದ್ದು ಕೇಳಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಲಂಡನ್ ದಾರಿಯ ಓಕ್ ಮರಗಳ ಕೆಳಗೆ ಎಲ್ಲರೂ ಕೂತರು. ನಲವತ್ತು ಜನರಿರಬಹುದು, ಅರ್ಧಕ್ಕರ್ಧ ಹೊಸ ಮುಖಗಳು. ಹಳೆಯವರು ಡೋವರಿನ ನೀರಿನ ಕೆಳಗಿದ್ದರು. ಚೀಲಗಳನ್ನು ಬಿಚ್ಚಿದರು. ಡುನ್ನ ತನ್ನ ಚೀಲಕ್ಕೆ ಕೈ ಹಾಕಿ, ಮೇಲಿನ ರೊಟ್ಟಿ ತೆಗೆದ, ಅದರ ಕೆಳಗಿನದನ್ನು ಸರಿಸಿದ. ಮೂರನೆಯದು ತಣ್ಣಗಿತ್ತು. ಹೊರಗೆ ತೆಗೆದ. ಕಪ್ಪು ಕಲ್ಲು, ನಡುವೆ ಬಿಳಿ ಪಟ್ಟೆ. ಒಂದು ಮಗ್ಗುಲಿಗೆ ಹಿಟ್ಟಿನ ಬೆರಳಿನ ಗುರುತು ಅಂಟಿಕೊಂಡಿತ್ತು.

ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಕಲ್ಲಿಲ್ಲದ ಬಾಗಿಲು ಅಲ್ಲಿ ಊರಿನಲ್ಲಿ ಈಗಲೂ ಗಾಳಿಗೆ ಬಡಿದುಕೊಳ್ಳುತ್ತಿರಬೇಕು.

"ಏನಜ್ಜ ಅದು, ಕಲ್ಲಾ?" ಎಂದು ಪಕ್ಕದವನು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕ. "ಯಾರೋ ನಿನ್ನನ್ನ ಚೆನ್ನಾಗಿ ಆಟ ಆಡಿಸಿದಾರೆ. ಬಿಸಾಕು ಅತ್ಲಾಗೆ, ಇನ್ನೂ ಮೂರು ದಿನದ ನಡಿಗೆ ಇದೆ."

ಡುನ್ನ ಚೀಲದ ರೊಟ್ಟಿಗಳನ್ನೆಲ್ಲ ಒಂದೊಂದಾಗಿ ಹೊರತೆಗೆದು ಹುಲ್ಲಿನ ಮೇಲಿಟ್ಟ. ಕಲ್ಲನ್ನು ಚೀಲದ ತಳದಲ್ಲಿ, ಸರಿಯಾಗಿ ನಡುವಿಗೆ ಬರುವಂತೆ ಇಟ್ಟ. ಎರಡೂ ಮಗ್ಗುಲಿಗೆ ಒಂದೊಂದು ರೊಟ್ಟಿ ತುರುಕಿದ. ಉಳಿದವನ್ನು ಮೇಲೆ ಜೋಡಿಸಿ, ಬಾಯಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದ. ಕಲ್ಲು ಜರುಗಲಿಲ್ಲ.